ಡಿಸ್ನಿಯ ಹಳೆಯ ಸ್ಟುಡಿಯೋ ನೋಡಲು ಹೊರಟ ಬೆಂಗಳೂರಿನ ಅಭಿಮಾನಿಗೆ ಒಂದು ಮಾರ್ಗದರ್ಶಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟವರ ಪಟ್ಟಿಯಲ್ಲಿ ಡಿಸ್ನಿ ಎಂಬ ಹೆಸರಿದ್ದರೆ ಅದು ಬಹುತೇಕ ಡಿಸ್ನಿಲ್ಯಾಂಡ್ ಆಗಿರುತ್ತದೆ. ಅದು ಅನಾಹೈಮ್‌ನಲ್ಲಿ 1955ರ ಜುಲೈ 17ರಂದು ಆರಂಭವಾದ ವಿಹಾರೋದ್ಯಾನ. ಟಿಕೆಟ್ ಕೊಂಡವರಿಗೆಲ್ಲ ಅದರ ಬಾಗಿಲು ತೆರೆದಿರುತ್ತದೆ. ಈ ಲೇಖನ ಅದನ್ನು ಕುರಿತದ್ದಲ್ಲ. ಅಲ್ಲಿಂದ ಸುಮಾರು 55 ಕಿಲೋಮೀಟರ್ ವಾಯವ್ಯಕ್ಕೆ, ಲಾಸ್ ಏಂಜಲೀಸ್ ನಗರಕ್ಕೆ ಅಂಟಿಕೊಂಡಿರುವ ಬರ್ಬ್ಯಾಂಕ್ ಎಂಬ ಊರಿನ ಬ್ಯೂನಾ ವಿಸ್ಟಾ ರಸ್ತೆಯಲ್ಲಿ ವಾಲ್ಟ್ ಡಿಸ್ನಿ ಸ್ಟುಡಿಯೋ ಇದೆ. ಚಿಕ್ಕಂದಿನಲ್ಲಿ ಕಂಡ ಕಾರ್ಟೂನುಗಳ ಮೇಲಿನ ಪ್ರೀತಿ ಇನ್ನೂ ಮಾಸದೆ, ಅವು ಹೇಗೆ ತಯಾರಾದವು ಎಂಬ ಕುತೂಹಲವನ್ನೂ ಉಳಿಸಿಕೊಂಡಿರುವವರು ನೋಡಬೇಕಾದದ್ದು ಈ ಸ್ಟುಡಿಯೋವನ್ನು.

ಆದರೆ ಇದು ಪ್ರವಾಸಿ ತಾಣವಲ್ಲ, ಇಂದಿಗೂ ಕೆಲಸ ನಡೆಯುತ್ತಿರುವ ಜಾಗ. ಗೇಟಿನ ಬಳಿ ಟಿಕೆಟ್ ಕೌಂಟರ್ ಇಲ್ಲ. ನಮ್ಮ ಕಂಠೀರವ ಸ್ಟುಡಿಯೋಗೆ ಹೋಗಿ ಬಂದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ: ಅಣ್ಣಾವ್ರ ಸಮಾಧಿಯವರೆಗೆ ಯಾರು ಬೇಕಾದರೂ ಹೋಗಿ ಕೈಮುಗಿದು ಬರಬಹುದು, ಶೂಟಿಂಗ್ ನಡೆಯುವ ಫ್ಲೋರಿನೊಳಗೆ ಹಾಗೆ ಕಾಲಿಡಲಾಗದು. ಬರ್ಬ್ಯಾಂಕಿನಲ್ಲಿ ಇಡೀ ಆವರಣವೇ ಫ್ಲೋರ್ ಎಂದು ತಿಳಿದು ಸಿದ್ಧತೆ ಮಾಡಿಕೊಳ್ಳಬೇಕು. ಏನೂ ವಿಚಾರಿಸದೆ ಟ್ಯಾಕ್ಸಿ ಹಿಡಿದು ಗೇಟಿನ ಮುಂದೆ ಇಳಿದರೆ ಕಾವಲಿನವರು ನಗುಮುಖದಿಂದಲೇ ವಾಪಸು ಕಳಿಸುತ್ತಾರೆ.

ಮೊದಲು ವೀಸಾ, ಆಮೇಲೆ ಪ್ರವೇಶ, ಕೊನೆಗೆ ವಿಮಾನದ ಟಿಕೆಟ್

ಸಾಮಾನ್ಯ ಪ್ರವಾಸದಲ್ಲಿ ವಿಮಾನದ ಟಿಕೆಟ್ ಕಾದಿರಿಸಿ, ಆಮೇಲೆ ಏನೇನು ನೋಡಬೇಕೆಂದು ಯೋಚಿಸುತ್ತೇವೆ. ಇಲ್ಲಿ ಆ ಕ್ರಮವನ್ನು ತಿರುಗಿಸಬೇಕು. ಪ್ರವಾಸಿ ವೀಸಾದ ಸಂದರ್ಶನಕ್ಕೆ ದಿನ ಸಿಗುವುದೇ ತಡವಾಗುವುದರಿಂದ ಅದನ್ನು ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳಿ. ಬೆಂಗಳೂರಿನವರು ಬಹುಕಾಲದಿಂದ ಇದಕ್ಕಾಗಿ ಚೆನ್ನೈಗೆ ರೈಲು ಹತ್ತುತ್ತಾ ಬಂದಿದ್ದಾರೆ. ನೀವು ಅರ್ಜಿ ಹಾಕುವ ಹೊತ್ತಿಗೆ ಯಾವ ಕಚೇರಿಗೆ ಹೋಗಬೇಕಾಗಿದೆ ಎಂಬುದನ್ನು ಅರ್ಜಿಯ ಜಾಲತಾಣದಲ್ಲೇ ನೋಡಿಕೊಳ್ಳಿ. ಮಕ್ಕಳನ್ನು ನೋಡಲು ಹೋಗಿ ಬಂದ ಹಳೆಯ ವೀಸಾದ ಅವಧಿ ಇನ್ನೂ ಉಳಿದಿದ್ದರೆ ಈ ಹೆಜ್ಜೆಯೇ ಬೇಕಿಲ್ಲ.

ಸ್ಟುಡಿಯೋದ ಒಳಗೆ ಹೋಗಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಡಿ23 ಎಂಬ ಡಿಸ್ನಿಯ ಅಧಿಕೃತ ಅಭಿಮಾನಿ ಸಂಘ. 2009ರಲ್ಲಿ ಆರಂಭವಾದ ಇದರ ಹೆಸರಿನಲ್ಲಿರುವ 23, ವಾಲ್ಟ್ ಡಿಸ್ನಿ ಕಂಪನಿ ಕಟ್ಟಿದ 1923ನೇ ಇಸವಿಯನ್ನು ಸೂಚಿಸುತ್ತದೆ. ಶುಲ್ಕ ಕಟ್ಟಿದ ಸದಸ್ಯರಿಗಾಗಿ ಈ ಸಂಘ ಆಗಾಗ ಸ್ಟುಡಿಯೋ ಮತ್ತು ದಾಖಲೆ ಸಂಗ್ರಹಾಲಯದ ಭೇಟಿಗಳನ್ನು ಏರ್ಪಡಿಸುತ್ತದೆ. ಸದಸ್ಯತ್ವವನ್ನು ಅಮೆರಿಕದಲ್ಲಿ ವಿಳಾಸವಿರುವ ಮಗನ, ಮಗಳ ಅಥವಾ ನೆಂಟರ ಹೆಸರಿನಲ್ಲಿ ಮಾಡಿಸಿ ಅವರ ಅತಿಥಿಯಾಗಿ ಹೋಗುವುದು ನಮ್ಮಂಥವರಿಗೆ ಅನುಕೂಲ. ಒಬ್ಬ ಸದಸ್ಯರ ಜೊತೆ ಎಷ್ಟು ಮಂದಿಗೆ ಅವಕಾಶ, ಎಷ್ಟು ವಯಸ್ಸಿನ ಮಕ್ಕಳನ್ನು ಕರೆತರಬಹುದು ಎಂಬುದನ್ನು ಆಯಾ ಭೇಟಿಯ ಪ್ರಕಟಣೆಯಲ್ಲಿ ಓದಿಕೊಳ್ಳಬೇಕು. ಜಾಗಗಳು ಬೇಗ ತುಂಬುತ್ತವೆ, ಮುಂಗಡ ಕಾದಿರಿಸುವ ಸಮಯವನ್ನು ಅಲ್ಲಿನ ಪೆಸಿಫಿಕ್ ಗಡಿಯಾರದಲ್ಲಿ ಹೇಳಿರುತ್ತಾರೆ. ಬೇಸಿಗೆಯಲ್ಲಿ ನಾವು ಅವರಿಗಿಂತ ಹನ್ನೆರಡೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ 10 ಎಂದರೆ ಜುಲೈನಲ್ಲಿ ಇಲ್ಲಿ ರಾತ್ರಿ 10.30, ಡಿಸೆಂಬರಿನಲ್ಲಿ 11.30. ಆ ಹೊತ್ತಿಗೆ ಎಚ್ಚರವಾಗಿದ್ದು ಪ್ರಯತ್ನಿಸಬೇಕು, ಇಲ್ಲವೇ ಅಲ್ಲಿರುವವರಿಗೆ ಒಪ್ಪಿಸಬೇಕು.

ಎರಡನೆಯದು, ಕಂಪನಿಯೇ ನಡೆಸುವ ಅಡ್ವೆಂಚರ್ಸ್ ಬೈ ಡಿಸ್ನಿ ಎಂಬ ಪ್ಯಾಕೇಜ್ ಪ್ರವಾಸ. ದಕ್ಷಿಣ ಕ್ಯಾಲಿಫೋರ್ನಿಯದ ಅದರ ಕಾರ್ಯಕ್ರಮದಲ್ಲಿ ಸ್ಟುಡಿಯೋ ಭೇಟಿ ಸೇರಿರುತ್ತದೆ. ಖರ್ಚು ಬಹಳ, ಜೊತೆಗೆ ಕೊಂಡುಕೊಳ್ಳುವುದು ಇಡೀ ಪ್ರವಾಸವನ್ನು. ಸ್ಟುಡಿಯೋ ಒಂದಕ್ಕಾಗಿ ಇದನ್ನು ಆರಿಸುವುದು ನನಗೆ ಸರಿಯೆನಿಸುವುದಿಲ್ಲ. ಮೂರನೆಯದು, ಒಳಗೆ ಕೆಲಸ ಮಾಡುವವರ ಅತಿಥಿಯಾಗಿ ಹೋಗುವುದು. ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ, ಆದರೆ ಅದನ್ನು ಕೇಳಿ ಪಡೆಯುವ ಬಗೆಯಲ್ಲಿ ಸೂಕ್ಷ್ಮವಿರಲಿ. ಬೆಂಗಳೂರಿನ ಅನಿಮೇಷನ್ ಮತ್ತು ವಿಎಫ್‌ಎಕ್ಸ್ ಕಚೇರಿಗಳಿಂದ ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸಿದವರಿದ್ದಾರೆ, ಅವರಲ್ಲಿ ಯಾರಾದರೂ ನಿಮಗೆ ಪರಿಚಿತರಾಗಿರಬಹುದು. ಆದರೆ ಒಬ್ಬರ ಕೆಲಸದ ಜಾಗಕ್ಕೆ ಹತ್ತು ಮಂದಿಯ ಬಳಗವನ್ನು ಕಟ್ಟಿಕೊಂಡು ಹೋಗುವುದು ಅವರಿಗೆ ಮುಜುಗರ ತರುವ ಸಂಗತಿ. ಈ ಮೂರನ್ನು ಬಿಟ್ಟು, ಸ್ಟುಡಿಯೋದೊಳಗೆ ಕರೆದುಕೊಂಡು ಹೋಗುತ್ತೇವೆಂದು ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಿ.

ಪ್ರವೇಶದ ದಿನ ಖಚಿತವಾದ ಮೇಲೆ ವಿಮಾನದ ಟಿಕೆಟ್ ಕೊಳ್ಳಿ. ಮಕ್ಕಳು ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಕಡೆ ಇದ್ದರೆ, ಅಲ್ಲಿಂದ ಲಾಸ್ ಏಂಜಲೀಸ್‌ನ ದೊಡ್ಡ ವಿಮಾನ ನಿಲ್ದಾಣಕ್ಕೆ ಹಾರುವ ಬದಲು ಬರ್ಬ್ಯಾಂಕಿನ ಚಿಕ್ಕ ನಿಲ್ದಾಣಕ್ಕೇ ಹೋಗಿ ಇಳಿಯಿರಿ. ಸ್ಟುಡಿಯೋ ಅಲ್ಲಿಂದ ಕೆಲವೇ ಕಿಲೋಮೀಟರ್. ಊರಿನ ಆ ತುದಿಯಿಂದ ಈ ತುದಿಗೆ ವಾಹನ ದಟ್ಟಣೆಯಲ್ಲಿ ತೆವಳುವ ಕಷ್ಟ ತಪ್ಪುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಪಳಗಿದವರೂ ಆ ಹೆದ್ದಾರಿಗಳನ್ನು ಹಗುರವಾಗಿ ಎಣಿಸಬಾರದು.

ಮನೆಯಲ್ಲೇ ಮಾಡಿಕೊಳ್ಳಬೇಕಾದ ಅಭ್ಯಾಸ

ಈ ಸ್ಟುಡಿಯೋದಲ್ಲಿ ಕಣ್ಣು ಕುಕ್ಕುವಂಥದ್ದು ಕಡಿಮೆ. ಹೊರನೋಟಕ್ಕೆ ಅದು ಮರಗಳ ನಡುವೆ ತಗ್ಗಾದ ಕಟ್ಟಡಗಳಿರುವ ಒಂದು ಹಳೆಯ ಕಾಲೇಜಿನ ಆವರಣ ಎನಿಸಬಹುದು. ಅಲ್ಲಿನ ಪ್ರತಿ ಕಟ್ಟಡವೂ ಚಿತ್ರ ತಯಾರಿಕೆಯ ಒಂದೊಂದು ಹಂತಕ್ಕಾಗಿ ಎದ್ದು ನಿಂತದ್ದು. ಆ ಹಂತಗಳನ್ನು ತಿಳಿಯದೆ ಹೋದವರಿಗೆ ಗೋಡೆಗಳು ಮಾತ್ರ ಕಾಣುತ್ತವೆ. ಆದ್ದರಿಂದ ಹೊರಡುವ ಮುನ್ನ ಒಂದೆರಡು ವಾರ, ದಿನಕ್ಕೆ ಅರ್ಧ ಗಂಟೆಯನ್ನಾದರೂ ಈ ಅಭ್ಯಾಸಕ್ಕೆ ಕೊಡಿ.

ನೋಡಬೇಕಾದ ಚಿತ್ರಗಳನ್ನು ತೆರೆಕಂಡ ವರ್ಷದ ಕ್ರಮದಲ್ಲಿ ನೋಡಿ. 1928ರ ಸ್ಟೀಮ್‌ಬೋಟ್ ವಿಲ್ಲಿಯಲ್ಲಿ ಮಿಕ್ಕಿ ಮೌಸ್ ಸಿಳ್ಳೆ ಹಾಕುತ್ತಾ ಹಡಗಿನ ಚಕ್ರ ತಿರುಗಿಸುವಾಗ ಧ್ವನಿ ಮತ್ತು ಚಲನೆ ಹೇಗೆ ಒಂದಕ್ಕೊಂದು ತಾಳ ಹಾಕುತ್ತವೆ ಎಂಬುದನ್ನು ಗಮನಿಸಿ. 1932ರ ಫ್ಲವರ್ಸ್ ಅಂಡ್ ಟ್ರೀಸ್ ಮೂರು ಬಣ್ಣಗಳ ಟೆಕ್ನಿಕಲರ್ ವಿಧಾನದಲ್ಲಿ ಬಂದ ಅವರ ಮೊದಲ ಕಾರ್ಟೂನು. 1937ರ ದಿ ಓಲ್ಡ್ ಮಿಲ್ ಎಂಬ ಕಿರುಚಿತ್ರದಲ್ಲಿ ಕಥೆ ಎನ್ನುವಂಥದ್ದು ಹೆಚ್ಚೇನಿಲ್ಲ. ಒಂದು ಹಾಳು ಗಾಳಿಗಿರಣಿ, ಒಂದು ರಾತ್ರಿ, ಒಂದು ಬಿರುಗಾಳಿ. ಆದರೆ ಚಪ್ಪಟೆ ಚಿತ್ರಕ್ಕೆ ಆಳ ತರುವ ಮಲ್ಟಿಪ್ಲೇನ್ ಕ್ಯಾಮೆರಾದ ಕೈಚಳಕ ತೆರೆಯ ಮೇಲೆ ಮೊದಲು ಕಂಡದ್ದು ಇದರಲ್ಲಿ. ಅದೇ ವರ್ಷದ ಡಿಸೆಂಬರ್ 21ರಂದು ಸ್ನೋ ವೈಟ್ ತೆರೆಕಂಡಿತು. ಸ್ಟುಡಿಯೋದ ಜಮೀನು ಬಂದದ್ದು ಆ ಚಿತ್ರದ ಗಳಿಕೆಯಿಂದ.

ಎಲ್ಲಕ್ಕಿಂತ ಮುಖ್ಯವಾಗಿ 1941ರ ದಿ ರಿಲಕ್ಟಂಟ್ ಡ್ರ್ಯಾಗನ್ ನೋಡದೆ ಹೊರಡಬೇಡಿ. ಇದು ಅವರ ಉತ್ತಮ ಚಿತ್ರಗಳ ಸಾಲಿನಲ್ಲಿ ನಿಲ್ಲುವುದಿಲ್ಲ. ಆದರೆ ಇದರಲ್ಲಿ ರಾಬರ್ಟ್ ಬೆಂಚ್ಲಿ ಎಂಬ ಹಾಸ್ಯನಟ ಆಗಷ್ಟೇ ಕಟ್ಟಿ ಮುಗಿಸಿದ್ದ ಬರ್ಬ್ಯಾಂಕ್ ಸ್ಟುಡಿಯೋದೊಳಗೆ ಕೋಣೆಯಿಂದ ಕೋಣೆಗೆ ಅಲೆಯುತ್ತಾನೆ. ಬಣ್ಣ ಅರೆಯುವುದು, ಶಬ್ದ ಹಿಡಿಯುವುದು, ಕ್ಯಾಮೆರಾ ನಡೆಸುವುದು ಎಲ್ಲವೂ ಕಾಣುತ್ತದೆ. ನಿಮಗಿಂತ ಎಂಬತ್ತಕ್ಕೂ ಹೆಚ್ಚು ವರ್ಷ ಮೊದಲು ಒಬ್ಬ ಸಂದರ್ಶಕ ಅದೇ ಆವರಣದಲ್ಲಿ ನಡೆದಾಡಿದ ದಾಖಲೆ ಇದು.

ಚಿತ್ರ ನೋಡುವುದರ ಜೊತೆಗೆ ಕೈಯಿಂದಲೂ ಸ್ವಲ್ಪ ಕೆಲಸ ಮಾಡಿ. ಅವೆನ್ಯೂ ರಸ್ತೆಯಲ್ಲಿ ಒಂದು ಕಟ್ಟು ತೆಳು ಬಿಳಿ ಕಾಗದ ಕೊಂಡು ತಂದು, ಒಂದು ಚೆಂಡು ನೆಲಕ್ಕೆ ಬಿದ್ದು ಪುಟಿದೇಳುವುದನ್ನು ಹನ್ನೆರಡು ಹಾಳೆಗಳಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು (ಫ್ರೇಮ್‌ಗಳು) ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಹಿಡಿದರೆ ಸೆಕೆಂಡಿಗೆ ಹನ್ನೆರಡು ಚಿತ್ರ ಸಾಕು. ನೆಲಕ್ಕೆ ತಾಗುವ ಹಾಳೆಯಲ್ಲಿ ಚೆಂಡನ್ನು ಚಪ್ಪಟೆ ಮಾಡಿ, ಮೇಲೇಳುವ ಹಾಳೆಯಲ್ಲಿ ಉದ್ದಕ್ಕೆ ಎಳೆಯಿರಿ. ಹಾಳೆಗಳನ್ನು ಬೆರಳಿನಿಂದ ಸರಸರನೆ ಮಗುಚಿದಾಗ ಚೆಂಡಿಗೆ ತೂಕ ಬಂದಂತೆ ಕಂಡರೆ ನಿಮ್ಮ ಲೆಕ್ಕ ಸರಿಯಾಗಿದೆ. ಗಾಳಿಯಲ್ಲಿ ತೇಲುವ ಬಲೂನಿನಂತೆ ಕಂಡರೆ, ಚಿತ್ರಗಳ ನಡುವಿನ ಅಂತರವನ್ನು ಕೆಳಗೆ ಹೆಚ್ಚಿಸಿ ಮೇಲೆ ತಗ್ಗಿಸಿ ಮತ್ತೆ ಬರೆಯಿರಿ. ಒಂದು ಸೆಕೆಂಡಿನ ಚೆಂಡಿಗೆ ಇಷ್ಟು ದುಡಿಮೆ ಬೇಕಾದರೆ, ಸುಮಾರು 83 ನಿಮಿಷಗಳ ಸ್ನೋ ವೈಟ್‌ಗೆ ಎಷ್ಟು ಕೈಗಳು ಬೇಕಾಗಿದ್ದವು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಒಳಗೆ ಹೋದ ಮೇಲೆ: ಚಿತ್ರ ನಡೆದ ದಾರಿಯಲ್ಲೇ ನಡೆಯುವುದು

ಮಾರ್ಗದರ್ಶಕರು ತಮಗೆ ಅನುಕೂಲವಾದ ಕ್ರಮದಲ್ಲಿ ಕರೆದೊಯ್ಯುತ್ತಾರೆ, ಅದನ್ನು ಬದಲಾಯಿಸಲು ನಮ್ಮಿಂದ ಆಗದು. ಆದರೆ ಮನಸ್ಸಿನಲ್ಲಿ ಬೇರೆಯೇ ಒಂದು ನಕ್ಷೆ ಇರಲಿ: ಒಂದು ಚಿತ್ರ ಹುಟ್ಟಿ, ಶಾಯಿ ಮೆತ್ತಿಸಿಕೊಂಡು, ಬಣ್ಣ ಬಳಿಸಿಕೊಂಡು ಕ್ಯಾಮೆರಾದ ಕೆಳಗೆ ಮಲಗುವವರೆಗೆ ಸಾಗಿದ ದಾರಿಯ ನಕ್ಷೆ. ಈ ಸ್ಟುಡಿಯೋವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಕಂಡಿಲ್ಲ.

ಅದಕ್ಕೆ ಹಿನ್ನೆಲೆ ಇಷ್ಟು. 1926ರಿಂದ ವಾಲ್ಟ್ ಮತ್ತು ಅಣ್ಣ ರಾಯ್ ಡಿಸ್ನಿ ಲಾಸ್ ಏಂಜಲೀಸ್‌ನ ಹೈಪೀರಿಯನ್ ರಸ್ತೆಯ ಒಂದು ಇಕ್ಕಟ್ಟಾದ ಜಾಗದಲ್ಲಿ ಸ್ಟುಡಿಯೋ ನಡೆಸುತ್ತಿದ್ದರು. ಕೆಲಸ ಹೆಚ್ಚಿದಂತೆ ಕೋಣೆಯ ಪಕ್ಕಕ್ಕೆ ಕೋಣೆ ಸೇರಿಸುತ್ತಾ ಹೋಗಿ, ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಕಾಗದ ಸಾಗಿಸುವುದೇ ಒಂದು ಕೆಲಸವಾಗಿತ್ತು. ಸ್ನೋ ವೈಟ್‌ನಿಂದ ಹಣ ಬಂದಾಗ 1938ರಲ್ಲಿ ಬರ್ಬ್ಯಾಂಕಿನಲ್ಲಿ 51 ಎಕರೆ ಜಮೀನು ಹಿಡಿದು, ಜರ್ಮನಿಯಿಂದ ಬಂದು ನೆಲೆಸಿದ್ದ ಕೆಮ್ ವೆಬರ್ ಎಂಬ ವಿನ್ಯಾಸಕಾರನಿಗೆ ರೂಪುರೇಷೆಯ ಹೊಣೆ ಕೊಟ್ಟರು. ವೆಬರ್ ಕಟ್ಟಡಗಳಿಗಷ್ಟೇ ನಿಲ್ಲದೆ ಚಿತ್ರಕಾರರ ಮೇಜು ಕುರ್ಚಿಗಳನ್ನೂ ರೂಪಿಸಿದ. 1939ರ ಕೊನೆಯಿಂದ 1940ರ ಆರಂಭದವರೆಗೆ ಸ್ಟುಡಿಯೋ ಸ್ಥಳಾಂತರವಾಯಿತು. ಹಳೆಯ ಜಾಗದ ಕೆಲವು ಕಟ್ಟಡಗಳನ್ನೂ ಇಲ್ಲಿಗೆ ಸಾಗಿಸಿ ತಂದರು.

ನಡುವೆ ನಿಂತಿರುವ ಮೂರು ಮಹಡಿಯ ಅನಿಮೇಷನ್ ಕಟ್ಟಡದಿಂದ ಆರಂಭಿಸಿ. ಅದಕ್ಕೆ ಎಂಟು ರೆಕ್ಕೆಗಳು. ಒಂದೇ ದೊಡ್ಡ ಪೆಟ್ಟಿಗೆಯಾಗಿ ಕಟ್ಟದೆ ಹೀಗೆ ರೆಕ್ಕೆ ಬಿಚ್ಚಿದ್ದು ಬೆಳಕಿಗಾಗಿ: ನೇರ ಬಿಸಿಲು ಬೀಳದ, ದಿನವಿಡೀ ಒಂದೇ ಹದದಲ್ಲಿರುವ ಉತ್ತರದ ಬೆಳಕು ಆದಷ್ಟು ಹೆಚ್ಚು ಚಿತ್ರಕಾರರ ಮೇಜಿಗೆ ಬೀಳಬೇಕಾಗಿತ್ತು. ಕಿಟಕಿಗಳ ಮೇಲಿನ ನೆರಳು ಪಟ್ಟಿಗಳನ್ನು ಹೊರಗಿನಿಂದಲೇ ನೋಡಬಹುದು. ಕಥೆಯ ಕೆಲಸ ಮೇಲಿನ ಮಹಡಿಯಲ್ಲಿ, ನಿರ್ದೇಶನ ಮತ್ತು ಲೇಔಟ್ (ದೃಶ್ಯದ ಜೋಡಣೆ) ನಡುವಿನಲ್ಲಿ, ಚಿತ್ರಗಳಿಗೆ ಚಲನೆ ಕೊಡುವವರು ಕೆಳಗೆ. ಹೀಗೆ ಕಥೆ ಮೇಲೆ ಹುಟ್ಟಿ ಚಿತ್ರವಾಗುತ್ತಾ ಕೆಳಗಿಳಿಯುತ್ತಿತ್ತು. ಕೋಣೆಯ ಸಂಖ್ಯೆಗಳಲ್ಲೂ ಇದೇ ಅಚ್ಚುಕಟ್ಟು: ಮೊದಲು ಮಹಡಿಯ ಅಂಕಿ, ಆಮೇಲೆ ರೆಕ್ಕೆಯ ಅಕ್ಷರ.

ವಾಲ್ಟ್ ಅವರ ಕಚೇರಿ 3ಎಚ್, ಅಂದರೆ ಮೂರನೇ ಮಹಡಿಯ ಎಚ್ ರೆಕ್ಕೆ. 1940ರಿಂದ 1966ರ ಡಿಸೆಂಬರ್ 15ರಂದು ತೀರಿಕೊಳ್ಳುವವರೆಗೆ ಅವರು ಕುಳಿತದ್ದು ಇಲ್ಲೇ. (ಅವರು ಕೊನೆಯುಸಿರೆಳೆದ ಸೇಂಟ್ ಜೋಸೆಫ್ ಆಸ್ಪತ್ರೆ ಸ್ಟುಡಿಯೋದ ಎದುರು ಬದಿಯಲ್ಲೇ ಇದೆ.) 1970ರಲ್ಲಿ ಸ್ಟುಡಿಯೋ ಒಂದು ದಾಖಲೆ ವಿಭಾಗವನ್ನು ತೆರೆದಾಗ ಅದರ ಮೊದಲ ದಾಖಲೆಗಾರ ಡೇವ್ ಸ್ಮಿತ್ ಆ ಕಚೇರಿಯ ಒಂದೊಂದು ವಸ್ತುವನ್ನೂ ಪಟ್ಟಿ ಮಾಡಿಟ್ಟಿದ್ದರು. ಆಮೇಲೆ ದಶಕಗಳ ಕಾಲ ಆ ಕೋಣೆಗಳು ಬೇರೆ ಬೇರೆ ಬಳಕೆಗೆ ಹೋದರೂ, ಪಟ್ಟಿ ಉಳಿದಿದ್ದರಿಂದಲೇ 2015ರಲ್ಲಿ ಎಲ್ಲವನ್ನೂ ಅದರದರ ಜಾಗಕ್ಕೆ ಮರಳಿ ತರುವುದು ಸಾಧ್ಯವಾಯಿತು. ಅತಿಥಿಗಳನ್ನು ಬರಮಾಡಿಕೊಳ್ಳುವ ಕೋಣೆಯಲ್ಲಿ ಒಂದು ಪಿಯಾನೋ ಇದೆ. ಮೇರಿ ಪಾಪಿನ್ಸ್‌ಗೆ ಹಾಡು ಕಟ್ಟಿದ ಶೆರ್ಮನ್ ಸೋದರರು ಇಲ್ಲಿ ವಾಲ್ಟ್ ಅವರಿಗೆ ಹಾಡಿ ಕೇಳಿಸುತ್ತಿದ್ದರು. ಕಪಾಟಿನಲ್ಲಿ ಅವರು ಸಂಗ್ರಹಿಸಿದ ಪುಟಾಣಿ ವಸ್ತುಗಳಿವೆ. ಕೆಲಸದ ಕೋಣೆಯ ಗೋಡೆಯ ಮೇಲೆ ಡಿಸ್ನಿಲ್ಯಾಂಡಿನ ವೈಮಾನಿಕ ನೋಟ ಹರಡಿಕೊಂಡಿದೆ. ಇಲ್ಲಿ ನಿಲ್ಲಲು ಸಿಗುವ ಸಮಯ ಕಡಿಮೆ, ಜೊತೆಯಲ್ಲಿ ಬಂದವರು ಫೋಟೋಗಾಗಿ ಪಿಯಾನೋದ ಸುತ್ತ ಸೇರುತ್ತಾರೆ. ನೀವು ಕಪಾಟಿನ ಮುಂದೆ ನಿಲ್ಲಿ. ಇಷ್ಟು ದೊಡ್ಡ ಲೋಕಗಳನ್ನು ಕಟ್ಟಿದ ಮನುಷ್ಯನಿಗೆ ಅಂಗೈಯಲ್ಲಿ ಹಿಡಿಸುವ ವಸ್ತುಗಳ ಮೇಲೆ ಇದ್ದ ಮೋಹ ನನಗೆ ಎಲ್ಲ ಪಾರಿತೋಷಕಗಳಿಗಿಂತ ಹೆಚ್ಚು ಹೇಳುತ್ತದೆ.

ಒಂದು ಸಂಗತಿಯನ್ನು ಮೊದಲೇ ತಿಳಿದಿರಿ. ಈ ಕಟ್ಟಡದಲ್ಲಿ ಈಗ ಅನಿಮೇಷನ್ ನಡೆಯುವುದಿಲ್ಲ. 1980ರ ದಶಕದ ನಡುವಿನಲ್ಲಿ ಚಿತ್ರಕಾರರನ್ನು ಪಕ್ಕದ ಗ್ಲೆಂಡೇಲ್ ಊರಿಗೆ ಕಳಿಸಿ, ಇಲ್ಲಿ ಕಚೇರಿಗಳನ್ನು ಮಾಡಿಕೊಂಡರು. 1990ರ ದಶಕದ ನಡುವೆ ಅವರಿಗಾಗಿ ಹೊಸ ಕಟ್ಟಡ ಎದ್ದಿತು, ಅದರ ಮಾತು ಮುಂದೆ ಬರುತ್ತದೆ.

ಅನಿಮೇಷನ್ ಕಟ್ಟಡದಿಂದ ಶಾಯಿ ಮತ್ತು ಬಣ್ಣದ ಕಟ್ಟಡಕ್ಕೆ ನೆಲದಡಿ ಒಂದು ಸುರಂಗವಿದೆ. ಮಳೆ, ದೂಳು, ಬಿಸಿಲು ಯಾವುದೂ ತಾಗದಂತೆ ಚಿತ್ರಗಳನ್ನು ಸಾಗಿಸಲು ಮಾಡಿದ ಏರ್ಪಾಡು ಅದು. ಅನಿಮೇಷನ್ ಕೆಲಸಕ್ಕೆ ದೂಳು ಎಂಥ ವೈರಿ ಎಂಬುದು ಸೆಲ್ ಎಂಬ ವಸ್ತುವನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಸೆಲ್ ಎಂದರೆ ಗಾಜಿನಂತೆ ಪಾರದರ್ಶಕವಾದ ತೆಳು ಹಾಳೆ. ಪೆನ್ಸಿಲಿನ ಚಿತ್ರದ ಮೇಲೆ ಅದನ್ನಿಟ್ಟು, ಅಂಚಿನ ತೂತುಗಳನ್ನು ಗೂಟಗಳಿಗೆ ಸಿಕ್ಕಿಸಿ, ಗೆರೆಗಳನ್ನು ಸೆಲ್‌ನ ಮುಂಬದಿಯ ಮೇಲೆ ಶಾಯಿಯಿಂದ ತಿದ್ದುತ್ತಿದ್ದರು. ಆಮೇಲೆ ಅದನ್ನು ಮಗುಚಿ ಹಿಂಬದಿಯಲ್ಲಿ ಬಣ್ಣ ತುಂಬುತ್ತಿದ್ದರು. ಹಾಗಾಗಿ ಮುಂದಿನಿಂದ ನೋಡುವವರಿಗೆ ಕುಂಚದ ಗುರುತು ಕಾಣದೆ, ಗೆರೆಯ ಹಿಂದೆ ನುಣುಪಾದ ಬಣ್ಣ ಮಾತ್ರ ಕಾಣುತ್ತದೆ. ಬೆರಳಿನ ಜಿಡ್ಡು ತಾಗಿದರೆ ಶಾಯಿ ನಿಲ್ಲದು ಎಂದು ಕೈಗೆ ಹತ್ತಿಯ ಬಿಳಿ ಕೈಗವಸು. ಸ್ಟುಡಿಯೋದ ಬಣ್ಣಗಳನ್ನು ಅಲ್ಲಿನ ಪ್ರಯೋಗಾಲಯದಲ್ಲೇ ಅರೆದು ಬೆರೆಸುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಒಂದು ಹಳೆಯ ಸೆಲ್ ಸಿಕ್ಕರೆ ಎದುರಿನಿಂದ ನೋಡಿ ಮುಂದೆ ಹೋಗಬೇಡಿ. ಸ್ವಲ್ಪ ಬಗ್ಗಿ ಓರೆಯಾಗಿ ನೋಡಿ. ಹಿಂಬದಿಯ ಬಣ್ಣ ದಪ್ಪನಾಗಿ ಉಬ್ಬಿ ನಿಂತಿರುವುದು, ಶಾಯಿಯ ಗೆರೆ ಒಂದೇ ಎಳೆಯಲ್ಲಿ ಸಪೂರದಿಂದ ದಪ್ಪಕ್ಕೂ ದಪ್ಪದಿಂದ ಸಪೂರಕ್ಕೂ ತಿರುಗುವುದು ಆಗ ಕಾಣುತ್ತದೆ.

ಈ ಕೆಲಸ ಮಾಡಿದವರಲ್ಲಿ ಬಹುಪಾಲು ಹೆಂಗಸರು. ಆ ಕಾಲದಲ್ಲಿ ಚಲನೆ ಕೊಡುವ ಚಿತ್ರಕಾರರ ಹುದ್ದೆಗಳು ಹೆಚ್ಚಾಗಿ ಗಂಡಸರಿಗೆ ಮೀಸಲಾಗಿದ್ದವು. ಹೆಣ್ಣುಮಕ್ಕಳಿಗೆ ತೆರೆದಿದ್ದ ಬಾಗಿಲು ಬಹುತೇಕ ಈ ಕಟ್ಟಡದ್ದೊಂದೇ. ಬಹುಕಾಲ ಅವರ ಹೆಸರುಗಳು ತೆರೆಯ ಮೇಲೆ ಬರಲಿಲ್ಲ. 1961ರಲ್ಲಿ ಬಂದ ನೂರೊಂದು ಡಾಲ್ಮೇಷಿಯನ್ ನಾಯಿಗಳ ಚಿತ್ರದಲ್ಲಿ ಪೆನ್ಸಿಲ್ ಗೆರೆಯನ್ನು ಜೆರಾಕ್ಸ್ ಯಂತ್ರದ ವಿಧಾನದಿಂದ ನೇರವಾಗಿ ಸೆಲ್‌ಗೆ ಇಳಿಸಿದಾಗ ಶಾಯಿಯ ಕೆಲಸ ಬಹುಪಾಲು ನಿಂತಿತು. 1990ರ ದಿ ರೆಸ್ಕ್ಯೂಅರ್ಸ್ ಡೌನ್ ಅಂಡರ್ ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಚಿತ್ರವಾಗಿ ಬಂದಾಗ ಸೆಲ್‌ನ ಕಾಲವೇ ಮುಗಿಯಿತು. ಬೆಂಗಳೂರಿನ ಅನಿಮೇಷನ್ ಕಚೇರಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರು ಇಂದಿಗೂ ತಮ್ಮ ಸಾಫ್ಟ್‌ವೇರಿನಲ್ಲಿ ಲೇಔಟ್, ಕ್ಲೀನ್ ಅಪ್, ಇಂಕ್ ಅಂಡ್ ಪೇಂಟ್ ಎಂದೇ ಹೇಳುತ್ತಾರೆ. ಆ ಮಾತುಗಳೆಲ್ಲ ಒಂದು ಕಾಲದಲ್ಲಿ ಗೋಡೆ ಬಾಗಿಲುಗಳಿದ್ದ ಕೋಣೆಗಳಾಗಿದ್ದವು.

ಸೌಂಡ್ ಸ್ಟೇಜುಗಳ, ಅಂದರೆ ಚಿತ್ರೀಕರಣದ ಫ್ಲೋರುಗಳ, ಒಳಗೆ ಶೂಟಿಂಗ್ ಇದ್ದರೆ ಬಿಡುವುದಿಲ್ಲ, ಹೊರಗಿನಿಂದ ನೋಡಿದರೂ ಸಾಕು. 1949ರ ಎರಡನೇ ಸ್ಟೇಜಿಗೆ 2001ರಲ್ಲಿ ಮೇರಿ ಪಾಪಿನ್ಸ್ ಚಿತ್ರದ ನಟಿ ಜೂಲಿ ಆಂಡ್ರ್ಯೂಸ್ ಅವರ ಹೆಸರಿಟ್ಟರು. ಮೂರನೆಯದನ್ನು 1954ರಲ್ಲಿ ಸಮುದ್ರದಡಿಯ ಸಾಹಸದ ಚಿತ್ರಕ್ಕಾಗಿ ನೀರಿನ ತೊಟ್ಟಿಯ ಸಮೇತ ಕಟ್ಟಿದರು. ಮಿಕ್ಕಿ ಅವೆನ್ಯೂ ಮತ್ತು ಡೋಪಿ ಡ್ರೈವ್ ಎಂಬ ದಾರಿಸೂಚಿ ಕಂಬದ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ನೀವು ಮನೆಯಲ್ಲಿ ನೋಡಿ ಬಂದ ದಿ ರಿಲಕ್ಟಂಟ್ ಡ್ರ್ಯಾಗನ್ ಚಿತ್ರಕ್ಕಾಗಿ ಮಾಡಿ, ಆಮೇಲೆ ಅಲ್ಲೇ ಉಳಿಸಿಕೊಂಡದ್ದು. 1990ರಲ್ಲಿ ಮೈಕಲ್ ಗ್ರೇವ್ಸ್ ರೂಪಿಸಿದ ಆಡಳಿತ ಕಟ್ಟಡದ ಸೂರನ್ನು ಸ್ನೋ ವೈಟ್ ಕಥೆಯ ಕುಳ್ಳರು 19 ಅಡಿ ಎತ್ತರದ ಪ್ರತಿಮೆಗಳಾಗಿ ಹೊತ್ತು ನಿಂತಿದ್ದಾರೆ. ಸ್ಟುಡಿಯೋದ ಆಸ್ತಿ ಬಂದದ್ದು ಆ ಏಳು ಮಂದಿಯ ದುಡಿಮೆಯಿಂದ ಎಂಬ ಲೆಕ್ಕದಲ್ಲಿ ಅದು ತಮಾಷೆಯೂ ಹೌದು, ಸತ್ಯವೂ ಹೌದು. ಅದರ ಮುಂದಿನ ಲೆಜೆಂಡ್ಸ್ ಪ್ಲಾಜಾದ ಕಂಬಗಳಲ್ಲಿರುವ ಕಂಚಿನ ಫಲಕಗಳ ನಡುವೆ ಮಿಕ್ಕಿಯನ್ನು ಮೊದಲು ಬರೆದು ಓಡಾಡಿಸಿದ ಅಬ್ ಐವರ್ಕ್ಸ್ ಮತ್ತು ಬಣ್ಣಗಳ ಧೈರ್ಯಕ್ಕೆ ಹೆಸರಾದ ಮೇರಿ ಬ್ಲೇರ್ ಅವರ ಹೆಸರುಗಳನ್ನು ಹುಡುಕಿ.

ಸ್ಟುಡಿಯೋದ ಕಹಿ ಅಧ್ಯಾಯವನ್ನೂ ಅಲ್ಲೇ ನಿಂತು ನೆನೆಯಬೇಕು. ಹೊಸ ಕಟ್ಟಡಗಳ ಸಾಲ ತಲೆಯ ಮೇಲಿದ್ದಾಗಲೇ ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿತು, ಪಿನೋಕಿಯೋ ಮತ್ತು ಫ್ಯಾಂಟೇಸಿಯಾ ಹಾಕಿದ ಹಣವನ್ನು ತರಲಿಲ್ಲ. ಸಂಬಳದ ತಾರತಮ್ಯ, ಕೆಲಸ ಹೋಗುವ ಭಯ, ಕಾರ್ಮಿಕ ಸಂಘದ ಪ್ರಶ್ನೆ ಎಲ್ಲ ಸೇರಿ, ಆರ್ಟ್ ಬ್ಯಾಬಿಟ್ ಎಂಬ ಹಿರಿಯ ಚಿತ್ರಕಾರರನ್ನು ಕೆಲಸದಿಂದ ತೆಗೆದ ಬೆನ್ನಲ್ಲೇ, 1941ರ ಮೇ 29ರಂದು ನೂರಾರು ಮಂದಿ ಗೇಟಿನ ಮುಂದೆ ಫಲಕ ಹಿಡಿದು ನಿಂತರು. ಸ್ಟುಡಿಯೋವನ್ನು ನಗುನಗುತ್ತಾ ತೋರಿಸುವ ದಿ ರಿಲಕ್ಟಂಟ್ ಡ್ರ್ಯಾಗನ್ ಬಿಡುಗಡೆಯಾದದ್ದೂ ಮುಷ್ಕರ ನಡೆಯುತ್ತಿದ್ದ ದಿನಗಳಲ್ಲೇ. ಮಾರ್ಗದರ್ಶಕರು ಈ ಮಾತನ್ನು ತಾವಾಗಿ ಎತ್ತದಿದ್ದರೆ ನೀವೇ ವಿನಯದಿಂದ ಕೇಳಿ.

ಆ ದಿನದ ಶಿಸ್ತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಾಸ್‌ಪೋರ್ಟ್ ಜೊತೆಗಿರಲಿ, ಅದರಲ್ಲಿರುವ ಹೆಸರಿನಲ್ಲೇ ಜಾಗ ಕಾದಿರಿಸಿರಬೇಕು. ಇನಿಷಿಯಲ್ ಬಿಡಿಸಿ ಬರೆದ ನಮ್ಮ ಹೆಸರುಗಳು ಇಂಥಲ್ಲಿ ತೊಡಕು ತರುತ್ತವೆ. ಎಲ್ಲಿ ಫೋಟೋ ತೆಗೆಯಬಹುದು ಎಂದು ಅವರೇ ಹೇಳುತ್ತಾರೆ, ಉಳಿದೆಡೆ ಫೋನ್ ಜೇಬಿನಲ್ಲಿರಲಿ. ನಟನಟಿಯರು ಎದುರಾದರೆ ಸೆಲ್ಫಿಗೆ ಮುಗಿಬೀಳಬೇಡಿ. ಬೇಸಿಗೆಯ ಬಿಸಿಲು ಜೋರು, ನಡಿಗೆ ಹೆಚ್ಚು. ಹಿರಿಯರಿಗೆ ಟೋಪಿ, ನೀರು, ಮೆತ್ತನೆಯ ಬೂಟು ಬೇಕೇ ಬೇಕು.

ಪ್ರವೇಶ ಸಿಗದಿದ್ದರೆ

ಸಿಗದಿರುವ ಸಾಧ್ಯತೆಯೇ ಹೆಚ್ಚು ಎಂದುಕೊಂಡು ಇನ್ನೊಂದು ಯೋಜನೆಯನ್ನೂ ಸಿದ್ಧವಾಗಿಟ್ಟುಕೊಳ್ಳಿ. ಅಲಮೀಡಾ ರಸ್ತೆಯ ಗೇಟಿನ ಕಡೆಯಿಂದ ಸೂರು ಹೊತ್ತ ಕುಳ್ಳರನ್ನು ಕಣ್ತುಂಬ ನೋಡಬಹುದು. ರಿವರ್‌ಸೈಡ್ ರಸ್ತೆಯ ಆಚೆ ರಾಬರ್ಟ್ ಸ್ಟರ್ನ್ ರೂಪಿಸಿದ ಈಗಿನ ಅನಿಮೇಷನ್ ಕಟ್ಟಡವಿದೆ. ಮಾಂತ್ರಿಕನ ನೀಲಿ ಟೊಪ್ಪಿಗೆಯ ಆಕಾರದ ಅದರ ಗೋಪುರ ಹೆದ್ದಾರಿಗೂ ಕಾಣುತ್ತದೆ. ಹಾಲಿವುಡ್ ಸ್ಟುಡಿಯೋ ಒಂದನ್ನು ಒಳಗಿನಿಂದಲೇ ನೋಡಬೇಕೆಂಬ ಹಟವಿದ್ದರೆ, ಅದೇ ಊರಿನಲ್ಲಿರುವ ವಾರ್ನರ್ ಬ್ರದರ್ಸ್ ಸ್ಟುಡಿಯೋ ಟಿಕೆಟ್ ಕೊಂಡವರಿಗೆಲ್ಲ ತೆರೆದಿದೆ.

ಆಮೇಲೆ ಕಾರಿನಲ್ಲಿ ದಕ್ಷಿಣಕ್ಕೆ ಇಳಿಯಿರಿ. ಹೈಪೀರಿಯನ್ ರಸ್ತೆಯ 2719ನೇ ಸಂಖ್ಯೆಯಲ್ಲಿ, ಸ್ನೋ ವೈಟ್ ತಯಾರಾದ ಜಾಗದಲ್ಲಿ, ಈಗ ಒಂದು ಸೂಪರ್ ಮಾರ್ಕೆಟ್ ಇದೆ. ಹಳೆಯದೇನೂ ಉಳಿದಿಲ್ಲ. ನಮ್ಮ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳು ಒಂದೊಂದಾಗಿ ಮರೆಯಾದದ್ದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಅಲ್ಲಿಂದ ಕೆಲವೇ ನಿಮಿಷ ದೂರದ ಕಿಂಗ್ಸ್‌ವೆಲ್ ರಸ್ತೆಯಲ್ಲಿ, 1923ರಲ್ಲಿ ಕ್ಯಾನ್ಸಸ್ ಸಿಟಿಯಿಂದ ಬಂದ ವಾಲ್ಟ್ ಉಳಿದುಕೊಂಡಿದ್ದ ಚಿಕ್ಕಪ್ಪ ರಾಬರ್ಟ್ ಅವರ ಮನೆಯೂ, ಸೋದರರು ಬಾಡಿಗೆಗೆ ಹಿಡಿದ ಮೊದಲ ಪುಟ್ಟ ಕಚೇರಿಯ ಜಾಗವೂ ಇವೆ. ಮನೆಯಲ್ಲಿ ಜನ ವಾಸವಾಗಿರುವುದರಿಂದ ರಸ್ತೆಯ ಮೇಲಿನಿಂದಲೇ ನೋಡಿ ಹೊರಡಿ. ಸಂಜೆಗೆ ಹಾಲಿವುಡ್ ಬೊಲೆವಾರ್ಡಿನ ಎಲ್ ಕ್ಯಾಪಿಟನ್ ಇದೆ. 1926ರ ಈ ಚಿತ್ರಮಂದಿರ ಈಗ ಡಿಸ್ನಿ ಚಿತ್ರಗಳಿಗೆ ಮೀಸಲು.

ಗ್ರಿಫಿತ್ ಪಾರ್ಕಿನ ಒಂದು ಮೂಲೆಯಲ್ಲಿ ವಾಲ್ಟ್ ಅವರ ಮನೆಯಂಗಳದಿಂದ ತಂದಿಟ್ಟ ಕೆಂಪು ಮರದ ಕೊಟ್ಟಿಗೆಯಿದೆ. ತಮ್ಮ ಪುಟ್ಟ ಉಗಿಬಂಡಿಯ ರೈಲನ್ನು ಅವರು ನಡೆಸುತ್ತಿದ್ದದ್ದು ಅದರೊಳಗಿಂದ. ರೈಲು ಪ್ರಿಯರು ಅದನ್ನು ತಿಂಗಳ ಮೂರನೇ ಭಾನುವಾರ ಮಾತ್ರ ತೆರೆಯುತ್ತಾರೆ, ಪ್ರವೇಶ ಉಚಿತ. ಆದ್ದರಿಂದ ಲಾಸ್ ಏಂಜಲೀಸ್‌ಗೆ ಹೋಗುವ ವಾರವನ್ನು ಆ ಭಾನುವಾರ ಒಳಗೊಳ್ಳುವಂತೆ ಹೊಂದಿಸಿಕೊಂಡರೆ ಒಳ್ಳೆಯದು.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಮಕ್ಕಳಿರುವವರಿಗೆ ಇನ್ನೂ ಹತ್ತಿರದ ದಾರಿಯೊಂದಿದೆ, ಅದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ವಾಲ್ಟ್ ಅವರ ಮಗಳು ಡಯೇನ್ ಡಿಸ್ನಿ ಮಿಲ್ಲರ್ ಮುಂದೆ ನಿಂತು ಕಟ್ಟಿಸಿದ ವಾಲ್ಟ್ ಡಿಸ್ನಿ ಫ್ಯಾಮಿಲಿ ಮ್ಯೂಸಿಯಂ 2009ರಿಂದ ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋದಲ್ಲಿ, ಹಿಂದೆ ಸೈನಿಕರ ವಸತಿಯಾಗಿದ್ದ ಇಟ್ಟಿಗೆಯ ಕಟ್ಟಡದಲ್ಲಿ ನಡೆಯುತ್ತಿದೆ. ಸದಸ್ಯತ್ವ, ಪರಿಚಯ ಯಾವುದೂ ಬೇಕಿಲ್ಲ, ಟಿಕೆಟ್ ಸಾಕು. ಸ್ನೋ ವೈಟ್‌ಗೆ ಕೊಟ್ಟ ಒಂದು ದೊಡ್ಡ ಮತ್ತು ಏಳು ಚಿಕ್ಕ ಪ್ರತಿಮೆಗಳ ಆಸ್ಕರ್ ಅಲ್ಲಿದೆ. ಆದರೆ ನಿಮ್ಮ ಸಮಯದ ದೊಡ್ಡ ಪಾಲನ್ನು ಎರಡು ಮಹಡಿಗಳ ಎತ್ತರಕ್ಕೆ ನಿಂತಿರುವ ಮಲ್ಟಿಪ್ಲೇನ್ ಕ್ಯಾಮೆರಾಕ್ಕೆ ಕೊಡಿ. ಅದರ ತತ್ವ ಸರಳ: ಮುಂದಿನ ಮರ, ನಡುವಿನ ಮನೆ, ಹಿಂದಿನ ಬೆಟ್ಟಗಳನ್ನು ಒಂದರ ಕೆಳಗೊಂದು ಅಂತರ ಬಿಟ್ಟು ಬೇರೆ ಬೇರೆ ಅಟ್ಟಣಿಗೆಗಳಲ್ಲಿ ಇಡುತ್ತಾರೆ, ಕ್ಯಾಮೆರಾ ಮೇಲಿನಿಂದ ಕೆಳಗೆ ನೋಡುತ್ತದೆ. ಪ್ರತಿ ಅಟ್ಟಣಿಗೆಯನ್ನೂ ಬೇರೆ ಬೇರೆ ವೇಗದಲ್ಲಿ ಸರಿಸಿದಾಗ, ಬಸ್ಸಿನ ಕಿಟಕಿಯಿಂದ ಹತ್ತಿರದ ಮರಗಳು ಓಡಿ ದೂರದ ಗುಡ್ಡ ನಿಂತೇ ಇರುವಂತೆ, ಚಪ್ಪಟೆ ಚಿತ್ರಕ್ಕೆ ಆಳ ಬರುತ್ತದೆ. ಕೆಳಗಿನ ಮಹಡಿಯಿಂದ ಅಟ್ಟಣಿಗೆಗಳನ್ನು ಎಣಿಸಿಕೊಂಡು ಮೇಲೆ ಹೋಗಿ, ಕ್ಯಾಮೆರಾ ನೋಡುವ ದಿಕ್ಕಿನಿಂದ ಇನ್ನೊಮ್ಮೆ ನೋಡಿ. ಅಂದಿನ ರಾತ್ರಿಯೇ ದಿ ಓಲ್ಡ್ ಮಿಲ್ ಹಾಕಿಕೊಂಡು, ಗಾಳಿಗಿರಣಿಯತ್ತ ನೋಟ ಜೇಡರ ಬಲೆಯನ್ನು ದಾಟಿ ಸಾಗುವ ಆರಂಭದ ದೃಶ್ಯದಲ್ಲಿ ಯಾವ ವಸ್ತು ಯಾವ ಅಟ್ಟಣಿಗೆಯಲ್ಲಿದ್ದಿರಬಹುದು ಎಂದು ಮೊಮ್ಮಕ್ಕಳ ಜೊತೆ ಲೆಕ್ಕ ಹಾಕಿ.